ಉದ್ಧರಣ ಚಿಹ್ನೆಯೊಂದರ ಚರಿತ್ರೆ

ಮಂಗಳೂರು ಸೀಮೆಯ ಡಿ'ಸೋಜಾ, ಡಿ'ಸಿಲ್ವಾ, ಡಿ'ಕುನ್ಹಾ ಕುಟುಂಬದವರಿಗೆ ಪರಿಚಯವಿರುವ ಒಂದು ಸಣ್ಣ ಕಿರಿಕಿರಿಯಿದೆ. ಆನ್‌ಲೈನ್ ಅರ್ಜಿಯಲ್ಲಿ ಇಂಗ್ಲಿಷಿನಲ್ಲಿ ಹೆಸರು ತುಂಬುವಾಗ, ‘ಡಿ’ ಆದ ಮೇಲೆ ಬರುವ ಆ ಪುಟ್ಟ ಕೊಕ್ಕೆಯನ್ನು ಹಾಕಿದರೆ ಎಷ್ಟೋ ಕಡೆ ಕೆಂಪಕ್ಷರದಲ್ಲಿ ತಕರಾರು ಬರುತ್ತದೆ: ಹೆಸರಿನಲ್ಲಿ ಅಕ್ಷರಗಳು ಮಾತ್ರ ಇರಲಿ. ಬೇರೆ ದಾರಿಯಿಲ್ಲದೆ ಕೊಕ್ಕೆ ತೆಗೆದು ಬರೆಯುತ್ತಾರೆ. ಹೀಗೆ ಒಬ್ಬರೇ ಮನುಷ್ಯ ಒಂದು ದಾಖಲೆಯಲ್ಲಿ ಕೊಕ್ಕೆ ಸಹಿತ, ಇನ್ನೊಂದರಲ್ಲಿ ಕೊಕ್ಕೆ ರಹಿತ, ಮೂರನೆಯದರಲ್ಲಿ ನಡುವೆ ಜಾಗ ಬಿಟ್ಟು ದಾಖಲಾಗುತ್ತಾರೆ. ಆಮೇಲೆ ಈ ಮೂವರೂ ಒಬ್ಬರೇ ಎಂದು ತೋರಿಸಲು ಅಫಿಡವಿಟ್ ಹಿಡಿದು ಓಡಾಡುವುದು ಅವರ ಪಾಡು.

ಲಕ್ಷಾಂತರ ಸಾಲುಗಳನ್ನು ಕ್ಷಣದಲ್ಲಿ ಹುಡುಕಿಕೊಡುವ ಯಂತ್ರಕ್ಕೆ ಈ ಒಂದು ಚಿಹ್ನೆಯ ಭಯ ಯಾಕೆ? ಈ ಭಯಕ್ಕೆ ಒಂದು ಚರಿತ್ರೆಯಿದೆ. ಅದರ ಹೆಸರು ಎಸ್‌ಕ್ಯೂಎಲ್ ಇಂಜೆಕ್ಷನ್. ಕಂಪ್ಯೂಟರ್ ಕಲಿಯುವ ಹುಡುಗರು ಇದನ್ನು ಪರೀಕ್ಷೆಗೆ ಐದು ಅಂಕದ ಪ್ರಶ್ನೆಯಾಗಿ ಓದಿಕೊಳ್ಳುತ್ತಾರೆ, ಸಾಹಿತ್ಯದ ಕಡೆಯವರು ಇದು ನಮಗೆ ಸೇರಿದ್ದಲ್ಲವೆಂದು ಬಿಟ್ಟುಬಿಡುತ್ತಾರೆ. ಇದು ಭಾಷೆಯ ಕಥೆಯೂ ಹೌದು ಎಂಬುದು ನನ್ನ ನಂಬಿಕೆ. ಒಂದು ವಾಕ್ಯ ಎಲ್ಲಿ ಮುಗಿಯುತ್ತದೆ, ಅದರೊಳಗೆ ಇನ್ನೊಬ್ಬರ ಮಾತು ಎಲ್ಲಿ ಶುರುವಾಗುತ್ತದೆ ಎಂಬ ಹಳೆಯ ಪ್ರಶ್ನೆಯೇ ಇದರ ಬುಡದಲ್ಲಿರುವುದು. ಇದರಲ್ಲಿ ನನ್ನನ್ನು ಬಹಳ ಕಾಡಿದ ಸಂಗತಿ ಬೇರೊಂದು: ಈ ರೋಗಕ್ಕೆ ಔಷಧ ರೋಗಕ್ಕಿಂತ ಮೊದಲೇ ಹುಟ್ಟಿತ್ತು.

1970ರಲ್ಲಿ ಐಬಿಎಂ ಸಂಸ್ಥೆಯ ಗಣಿತಜ್ಞ ಎಡ್ಗರ್ ಕಾಡ್ ಒಂದು ಪ್ರಬಂಧ ಪ್ರಕಟಿಸಿದರು. ದೊಡ್ಡ ದೊಡ್ಡ ಮಾಹಿತಿ ಭಂಡಾರಗಳನ್ನು ಸಾಲು ಮತ್ತು ಕಂಬಗಳಿರುವ ಕೋಷ್ಟಕಗಳಾಗಿ ಕಾಣಬಹುದು, ಮಾಹಿತಿ ಡಿಸ್ಕಿನ ಯಾವ ಮೂಲೆಯಲ್ಲಿದೆ ಎಂಬ ಚಿಂತೆಯಿಲ್ಲದೆ ಪ್ರಶ್ನೆ ಕೇಳಬಹುದು ಎಂಬುದು ಅದರ ತಿರುಳು. ಆದರೆ ಕಾಡ್ ಅವರ ಬರವಣಿಗೆ ಗಣಿತದ ಸಂಕೇತಗಳಿಂದ ತುಂಬಿತ್ತು. ಅದೇ ಐಬಿಎಂನ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿದ್ದ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಎಂಬ ಇಬ್ಬರು ಯುವಕರು ಈ ಗಣಿತವನ್ನು ಸಾಮಾನ್ಯರ ಇಂಗ್ಲಿಷಿಗೆ ಇಳಿಸಲು ಕೂತರು. 1974ರಲ್ಲಿ ಅವರು ಮುಂದಿಟ್ಟ ಭಾಷೆಯ ಹೆಸರು ‘ಸೀಕ್ವೆಲ್’. ಇಂಥ ಪಟ್ಟಿಯಿಂದ ಇಂಥ ಗುಣವಿರುವವರ ಹೆಸರನ್ನು ಆರಿಸಿಕೊಡು ಎಂಬಂತೆ ಓದಬಹುದಾದ ವಾಕ್ಯಗಳು. ಪ್ರೋಗ್ರಾಮ್ ಬರೆಯಲು ಬಾರದ ಲೆಕ್ಕಿಗರು, ಎಂಜಿನಿಯರುಗಳು, ನಗರ ಯೋಜಕರು ತಾವೇ ಕೂತು ಪ್ರಶ್ನೆ ಕೇಳುವಂತಾಗಬೇಕು ಎಂಬುದು ಅವರ ಆಸೆ. ಬಾಯ್ಸ್ ಅದೇ ವರ್ಷ ಮೆದುಳಿನ ರಕ್ತನಾಳದ ತೊಂದರೆಯಿಂದ ತೀರಿಕೊಂಡರು, ತಮ್ಮ ಭಾಷೆ ಜಗತ್ತನ್ನು ಆಳಿದ್ದನ್ನು ಅವರು ನೋಡಲಿಲ್ಲ. ‘ಸೀಕ್ವೆಲ್’ ಎಂಬ ಹೆಸರು ಬ್ರಿಟನ್ನಿನ ವಿಮಾನ ತಯಾರಿಕಾ ಕಂಪನಿಯೊಂದರ ಟ್ರೇಡ್‌ಮಾರ್ಕ್ ಆಗಿದ್ದರಿಂದ ಅದು ಎಸ್‌ಕ್ಯೂಎಲ್ ಆಯಿತು. 1986ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಅದಕ್ಕೆ ಮುದ್ರೆ ಒತ್ತಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಸ್ಯಾನ್ ಹೋಸೆಯಲ್ಲಿ ಆ ದಶಕದಲ್ಲಿ ಕಟ್ಟಿದ ‘ಸಿಸ್ಟಮ್ ಆರ್’ ಎಂಬ ಪ್ರಾಯೋಗಿಕ ಡೇಟಾಬೇಸಿನಲ್ಲಿ ಈ ಭಾಷೆಯನ್ನು ಎರಡು ರೀತಿ ಬಳಸಬಹುದಿತ್ತು. ಒಂದು, ಮನುಷ್ಯನೇ ಟರ್ಮಿನಲ್ ಮುಂದೆ ಕೂತು ವಾಕ್ಯ ಟೈಪಿಸುವುದು. ಇನ್ನೊಂದು, ಕೋಬಾಲ್ ಅಥವಾ ಪಿಎಲ್/ಒನ್ ಭಾಷೆಯ ಪ್ರೋಗ್ರಾಮಿನ ಹೊಟ್ಟೆಯಲ್ಲಿ ಎಸ್‌ಕ್ಯೂಎಲ್ ವಾಕ್ಯವನ್ನು ಇಡುವುದು. ಎರಡನೆಯ ಬಗೆಯಲ್ಲಿ, ಹೊರಗಿನಿಂದ ಬರುವ ಬೆಲೆಗಳಿಗೆ ವಾಕ್ಯದಲ್ಲಿ ಒಂದು ಗುರುತಿನ ಜಾಗ ಬಿಟ್ಟಿರುತ್ತಿದ್ದರು. ವಾಕ್ಯವನ್ನು ಮೊದಲೇ ಓದಿ, ಅರ್ಥ ಮಾಡಿಕೊಂಡು, ಯಂತ್ರಭಾಷೆಗೆ ಇಳಿಸಿ ಸಿದ್ಧವಾಗಿಟ್ಟಿರುತ್ತಿತ್ತು ಆ ವ್ಯವಸ್ಥೆ. ಆಮೇಲೆ ಬರುವ ಹೆಸರೋ ಸಂಖ್ಯೆಯೋ ಆ ಖಾಲಿ ಜಾಗದಲ್ಲಿ ಕೂರುತ್ತಿತ್ತು, ಅಷ್ಟೆ. ವಾಕ್ಯದ ಅರ್ಥ ಆಗಲೇ ಗಟ್ಟಿಯಾಗಿಬಿಟ್ಟಿರುವುದರಿಂದ, ಬಂದ ಬೆಲೆ ಎಷ್ಟೇ ಹಾರಾಡಿದರೂ ಅಪ್ಪಣೆಯಾಗಲು ಸಾಧ್ಯವಿರಲಿಲ್ಲ. ಇದನ್ನು ಮಾಡಿದ್ದು ಭದ್ರತೆಗಲ್ಲ, ವೇಗಕ್ಕೆ. ಒಂದೇ ವಾಕ್ಯವನ್ನು ಸಾವಿರ ಸಲ ಓದಿ ಬಿಡಿಸುವ ಖರ್ಚು ಉಳಿಯಲಿ ಎಂದು.

ಹೀಗೆ ಆಕಸ್ಮಿಕವಾಗಿ ದೊರೆತ ರಕ್ಷಣೆಯನ್ನು ಯಾರೂ ರಕ್ಷಣೆಯೆಂದು ಕರೆಯಲಿಲ್ಲ, ಹಾಗಾಗಿ ಅದನ್ನು ಕೈಬಿಟ್ಟಾಗ ಕೈಬಿಟ್ಟದ್ದೂ ಗೊತ್ತಾಗಲಿಲ್ಲ.

ಕೈಬಿಟ್ಟದ್ದು 1990ರ ದಶಕದಲ್ಲಿ, ವೆಬ್ ಬಂದಾಗ. ಅದುವರೆಗೆ ಬ್ಯಾಂಕಿನ ಒಳಕೋಣೆಯಲ್ಲೋ ಕಾರ್ಖಾನೆಯ ಕಚೇರಿಯಲ್ಲೋ ಇದ್ದ ಡೇಟಾಬೇಸನ್ನು ಬೀದಿಯ ಕಡೆ ಮುಖ ಮಾಡಿ ಕೂರಿಸಲಾಯಿತು. ಮುಂದೆ ಒಂದು ಫಾರಂ, ಹಿಂದೆ ಡೇಟಾಬೇಸ್, ನಡುವೆ ಒಂದು ಸಣ್ಣ ಪ್ರೋಗ್ರಾಮ್. 1995ರಲ್ಲಿ ರಾಸ್ಮಸ್ ಲೆರ್ಡಾರ್ಫ್ ಹೊರತಂದ ಪಿಎಚ್‌ಪಿ, 1996ರಲ್ಲಿ ಮೈಕ್ರೋಸಾಫ್ಟ್ ತಂದ ಎಎಸ್‌ಪಿ, ಇವೆಲ್ಲ ಈ ನಡುವಿನ ಪ್ರೋಗ್ರಾಮನ್ನು ಯಾರು ಬೇಕಾದರೂ ಒಂದು ಮಧ್ಯಾಹ್ನದಲ್ಲಿ ಬರೆಯುವಷ್ಟು ಸುಲಭ ಮಾಡಿದವು. ಸುಲಭದ ದಾರಿ ಏನೆಂದರೆ ಅಂಟಿಸುವುದು. ವಾಕ್ಯದ ಮೊದಲರ್ಧ, ಫಾರಂನಲ್ಲಿ ಬಂದ ಹೆಸರು, ವಾಕ್ಯದ ಕೊನೆ, ಮೂರನ್ನೂ ಅಂಟಿಸಿ ಒಂದೇ ಹಗ್ಗ ಮಾಡಿ ಡೇಟಾಬೇಸಿಗೆ ಕೊಡುವುದು.

ಕನ್ನಡದಲ್ಲೇ ಒಂದು ಎಸ್‌ಕ್ಯೂಎಲ್ ಇದೆಯೆಂದುಕೊಳ್ಳಿ. ಪ್ರೋಗ್ರಾಮ್ ಕಟ್ಟುವ ವಾಕ್ಯ ಹೀಗಿರುತ್ತದೆ:

ಸದಸ್ಯರ ಪಟ್ಟಿಯಲ್ಲಿ ಹೆಸರು = 'ರಾಮ' ಎಂದಿರುವ ಸಾಲನ್ನು ಕೊಡು.

ಇದರಲ್ಲಿ ‘ರಾಮ’ ಎಂಬ ಎರಡಕ್ಷರ ಮಾತ್ರ ಫಾರಂನಿಂದ ಬಂದದ್ದು. ಅದರ ಎರಡೂ ಕಡೆಯ ಉದ್ಧರಣ ಚಿಹ್ನೆಗಳನ್ನು ಪ್ರೋಗ್ರಾಮೇ ಹಾಕಿದೆ. ಈಗ ಯಾರೋ ಒಬ್ಬರು ಹೆಸರಿನ ಜಾಗದಲ್ಲಿ ಇಷ್ಟನ್ನು ಬರೆಯುತ್ತಾರೆ: ರಾಮ' ಅಥವಾ 'ಅ' = 'ಅ

ಅಂಟಿಸಿದ ಮೇಲೆ ಡೇಟಾಬೇಸಿನ ಕಣ್ಣಿಗೆ ಬೀಳುವುದು ಇದು:

ಸದಸ್ಯರ ಪಟ್ಟಿಯಲ್ಲಿ ಹೆಸರು = 'ರಾಮ' ಅಥವಾ 'ಅ' = 'ಅ' ಎಂದಿರುವ ಸಾಲನ್ನು ಕೊಡು.

ಅ ಎಂಬುದು ಅ ಆಗಿರುವುದು ಎಲ್ಲ ಸಾಲುಗಳಿಗೂ ಸತ್ಯ. ಆದ್ದರಿಂದ ಎಲ್ಲ ಸದಸ್ಯರ ಸಾಲುಗಳೂ ಹೊರಗೆ ಬರುತ್ತವೆ. ಡೇಟಾಬೇಸಿನ ತಪ್ಪೇನೂ ಇಲ್ಲ. ಅದಕ್ಕೆ ಬಂದದ್ದು ವ್ಯಾಕರಣಶುದ್ಧವಾದ ಒಂದು ವಾಕ್ಯ. ಅದರಲ್ಲಿ ಅರ್ಧ ಒಡೆಯನದು, ಅರ್ಧ ದಾರಿಹೋಕನದು ಎಂದು ತಿಳಿಯುವ ಯಾವ ಗುರುತೂ ಅದರಲ್ಲಿ ಉಳಿದಿಲ್ಲ. ಇದೇ ಅಂಟಿಸುವ ಪ್ರೋಗ್ರಾಮಿಗೆ ನಮ್ಮ ಡಿ'ಸೋಜಾ ಅವರ ಹೆಸರು ಬಂದರೆ 'ಡಿ' ಎಂಬಲ್ಲಿಗೇ ಹೆಸರು ಮುಗಿದು, ಮುಂದಿನ ‘ಸೋಜಾ’ ಅರ್ಥವಿಲ್ಲದ ಅಪ್ಪಣೆಯಾಗಿ, ವಾಕ್ಯ ಮುರಿದುಬೀಳುತ್ತದೆ. ಐರ್ಲೆಂಡಿನ ಓ'ಬ್ರಿಯನ್‌ಗಳಿಗೂ ಇದೇ ಗತಿ. ಕೇಡು ಬಯಸುವವರಿಗಿಂತ ಮೊದಲು ಈ ಬಿರುಕನ್ನು ಮುಟ್ಟಿದವರಲ್ಲಿ ಇಂಥ ಅಮಾಯಕರೂ ಇದ್ದಿರಲೇಬೇಕು. ಅವರು ಕಂಡದ್ದು ಯಾವುದೋ ಅರ್ಥವಾಗದ ದೋಷದ ಪುಟ. ಪ್ರೋಗ್ರಾಮರ್ ಅದನ್ನು ನೋಡಿ ‘ಹೆಸರಿನ ತೊಂದರೆ’ ಎಂದುಕೊಂಡ.

ಹಳಗನ್ನಡ ಓದುವವರಿಗೆ ಈ ತೊಡಕನ್ನು ವಿವರಿಸುವುದು ಸುಲಭ. ತಾಳೆಗರಿಯಲ್ಲಿ ಉದ್ಧರಣ ಚಿಹ್ನೆಯಿಲ್ಲ. ಒಬ್ಬನ ಮಾತು ಎಲ್ಲಿಗೆ ಮುಗಿಯಿತು ಎಂದು ತಿಳಿಯುವುದು ‘ಎಂದು’, ‘ಎಂಬ’, ‘ಎನೆ’ಗಳಿಂದ. ಲಿಪಿಕಾರನೊಬ್ಬ ಅಂಚಿನಲ್ಲಿ ಬರೆದ ಟಿಪ್ಪಣಿಯನ್ನೋ, ತನಗೆ ಹೊಳೆದ ಪದ್ಯವನ್ನೋ ಮುಂದಿನ ಲಿಪಿಕಾರ ಮೂಲದೊಳಗೇ ಸೇರಿಸಿ ಬರೆದರೆ ಅದೂ ಕವಿಯದೇ ಆಗಿ ಓದಿಸಿಕೊಳ್ಳುತ್ತದೆ. ಅದಕ್ಕೆ ನಮ್ಮ ಗ್ರಂಥಸಂಪಾದಕರು ಇಟ್ಟ ಹೆಸರು ‘ಪ್ರಕ್ಷಿಪ್ತ’, ಒಳಗೆ ಎಸೆದದ್ದು. ಇಂಜೆಕ್ಷನ್ ಎಂಬ ಇಂಗ್ಲಿಷ್ ಪದದ ಲ್ಯಾಟಿನ್ ಮೂಲದ ಅರ್ಥವೂ ಒಳಗೆ ಎಸೆಯುವುದೇ. ವ್ಯತ್ಯಾಸವೊಂದಿದೆ. ಪ್ರಕ್ಷಿಪ್ತ ಪದ್ಯವನ್ನು ಶೈಲಿ, ಛಂದಸ್ಸು, ಬೇರೆ ಪ್ರತಿಗಳ ಪಾಠ ಹಿಡಿದು ವಿದ್ವಾಂಸರು ಹೊರತೆಗೆಯಬಲ್ಲರು. ಡೇಟಾಬೇಸಿಗೆ ಬರುವುದು ಒಂದೇ ಪ್ರತಿ, ಅದನ್ನು ಓದಿದ ಕೂಡಲೇ ನಡೆಸಿಬಿಡಬೇಕು.

ಅಪ್ಪಣೆ ಮತ್ತು ಸಾಮಗ್ರಿ ಒಂದೇ ಕೊಳವೆಯಲ್ಲಿ ಹರಿದರೆ ಏನಾಗುತ್ತದೆ ಎಂಬುದು ಜಗತ್ತಿಗೆ ಹೊಸ ಪಾಠವೂ ಆಗಿರಲಿಲ್ಲ. ಅಮೆರಿಕದ ದೂರದ ಕರೆಗಳ ಜಾಲದಲ್ಲಿ ಮಾತು ಹರಿಯುವ ತಂತಿಯಲ್ಲೇ ನಿಯಂತ್ರಣದ ಸದ್ದೂ ಹರಿಯುತ್ತಿತ್ತು. 2600 ಹರ್ಟ್ಸ್‌ನ ಒಂದು ಸ್ವರ ಊದಿದರೆ ಲೈನು ಖಾಲಿಯಾಯಿತೆಂದು ವಿನಿಮಯ ಕೇಂದ್ರ ನಂಬುತ್ತಿತ್ತು. ಒಂದು ತಿಂಡಿಯ ಪೊಟ್ಟಣದೊಳಗೆ ಬರುತ್ತಿದ್ದ ಆಟಿಕೆ ಪೀಪಿ ಸರಿಯಾಗಿ ಇದೇ ಸ್ವರ ಕೊಡುತ್ತದೆಂದು ಪತ್ತೆಹಚ್ಚಿದ ಹುಡುಗರು ಬಿಟ್ಟಿ ಕರೆ ಮಾಡಿಕೊಂಡಿದ್ದರು. ಎಟಿ ಅಂಡ್ ಟಿ ಕಂಪನಿ ಪೀಪಿಗಳನ್ನು ನಿಷೇಧಿಸುವ ಗೋಜಿಗೆ ಹೋಗಲಿಲ್ಲ. 1976ರಿಂದ ನಿಯಂತ್ರಣದ ಸಂಕೇತಗಳಿಗೆ ಬೇರೆಯೇ ದಾರಿ ಹಾಕಿತು. ಮಾತಿನ ತಂತಿಯಲ್ಲಿ ಇನ್ನು ಎಷ್ಟು ಊದಿದರೂ ಅದು ಬರಿಯ ಸದ್ದು.

ವೆಬ್ಬಿನ ಈ ಬಿರುಕಿನ ಮೊದಲ ಸಾರ್ವಜನಿಕ ವಿವರಣೆ ಎಂದು ಸಾಮಾನ್ಯವಾಗಿ ಗುರುತಿಸುವುದು 1998ರ ಡಿಸೆಂಬರ್ 25ರ ‘ಫ್ರ್ಯಾಕ್’ ಎಂಬ ಹ್ಯಾಕರ್ ಪತ್ರಿಕೆಯ 54ನೇ ಸಂಚಿಕೆಯನ್ನು. ಬರೆದವರು ಜೆಫ್ ಫಾರಿಸ್ಟಲ್. ಆಗ ಅವರು ಇಟ್ಟುಕೊಂಡಿದ್ದ ಕಾವ್ಯನಾಮ ‘ರೈನ್ ಫಾರೆಸ್ಟ್ ಪಪ್ಪಿ’, ಮಳೆಕಾಡಿನ ನಾಯಿಮರಿ. ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ ಒಂದರ ಹಿಂದೊಂದು ಅಪ್ಪಣೆಗಳನ್ನು ಒಟ್ಟಿಗೆ ಸ್ವೀಕರಿಸುವುದರಿಂದ, ಫಾರಂನಲ್ಲಿ ತುಂಬುವ ಬೆಲೆಯ ಬೆನ್ನಿಗೆ ಇನ್ನೊಂದು ಅಪ್ಪಣೆಯನ್ನು ಕಟ್ಟಿ ಕಳಿಸಬಹುದೆಂದು ಅವರು ತೋರಿಸಿದರು. ಲೇಖನದಲ್ಲಿ ಒಂದು ಕುಟುಕೂ ಇದೆ: ಮೈಕ್ರೋಸಾಫ್ಟಿನವರ ಪ್ರಕಾರ ಇದು ಸಮಸ್ಯೆಯೇ ಅಲ್ಲವಂತೆ, ಆದ್ದರಿಂದ ನೀವು ಇದನ್ನು ತಡೆಯಲು ಏನೂ ಮಾಡಬೇಕಾಗಿಲ್ಲ ಎಂಬ ಧಾಟಿಯಲ್ಲಿ. ಆಗಿನ್ನೂ ಇದಕ್ಕೆ ಇವತ್ತಿನ ಹೆಸರು ರೂಢಿಯಾಗಿರಲಿಲ್ಲ. 2002ರ ಹೊತ್ತಿಗೆ ಕ್ರಿಸ್ ಆನ್ಲಿ ಎಂಬ ಸಂಶೋಧಕರು ಇದನ್ನೇ ಶೀರ್ಷಿಕೆಯಲ್ಲಿಟ್ಟು ವಿಸ್ತಾರವಾಗಿ ಬರೆದಾಗ ಹೆಸರು ನೆಲೆಯೂರಿತ್ತು.

ಔಷಧದ ಮಾತಿಗೆ ಬರೋಣ. ನನಗೆ ಈ ಚರಿತ್ರೆಯ ಅತ್ಯಂತ ಕುತೂಹಲದ ಭಾಗ ಇದು.

ಮೊದಲು ಬಂದದ್ದು ಮಾಂತ್ರಿಕ ಔಷಧ. ಹೆಸರೂ ಹಾಗೇ ಇತ್ತು: ‘ಮ್ಯಾಜಿಕ್ ಕೋಟ್ಸ್’. ಪಿಎಚ್‌ಪಿಯಲ್ಲಿ ಇದನ್ನು ಚಾಲೂ ಮಾಡಿದರೆ ಹೊರಗಿನಿಂದ ಬಂದ ಪ್ರತಿ ಉದ್ಧರಣ ಚಿಹ್ನೆಯ ಹಿಂದೆ ತಾನಾಗಿಯೇ ಒಂದು ಓರೆಗೆರೆ ಬೀಳುತ್ತಿತ್ತು, ‘ಈ ಚಿಹ್ನೆಯನ್ನು ಚಿಹ್ನೆಯೆಂದು ಓದಬೇಡ, ಅಕ್ಷರವೆಂದು ಓದು’ ಎಂದು ಡೇಟಾಬೇಸಿಗೆ ಹೇಳಲು. ಆದರೆ ಆ ಹೆಸರು ಡೇಟಾಬೇಸಿಗೇ ಹೋಗುತ್ತದೋ, ಪುಟದ ಮೇಲೆ ಕಾಣಿಸಿಕೊಳ್ಳುತ್ತದೋ, ಇಮೇಲಿಗೆ ಸೇರುತ್ತದೋ ಎಂದು ಮಂತ್ರಕ್ಕೆ ಗೊತ್ತಿರಲಿಲ್ಲ. ಎಲ್ಲ ಕಡೆಯೂ ಗೆರೆ ಎಳೆಯಿತು. ಆ ಕಾಲದ ಅತಿಥಿ ಪುಸ್ತಕಗಳಲ್ಲಿ, ಚರ್ಚಾಪುಟಗಳಲ್ಲಿ ಡಿ\'ಸೋಜಾ, ಮತ್ತೊಮ್ಮೆ ಉಳಿಸಿದರೆ ಡಿ\\\'ಸೋಜಾ, ಹೀಗೆ ಹೆಸರುಗಳಿಗೆ ಮುಳ್ಳು ಬೆಳೆಯುತ್ತಿತ್ತು. ಜೊತೆಗೆ, ಉದ್ಧರಣ ಚಿಹ್ನೆಯೇ ಬೇಕಿಲ್ಲದ ಕಡೆ, ಅಂದರೆ ಸಂಖ್ಯೆ ಬರುವ ಜಾಗದಲ್ಲಿ, ಈ ಮಂತ್ರ ಕೆಲಸವನ್ನೇ ಮಾಡುತ್ತಿರಲಿಲ್ಲ. 2009ರಲ್ಲಿ ಇದನ್ನು ಬಳಸಬೇಡಿರೆಂದು ಹೇಳಿ, 2012ರ 5.4 ಆವೃತ್ತಿಯಲ್ಲಿ ಕಿತ್ತುಹಾಕಿದರು.

ಎರಡನೆಯ ಔಷಧ ನಿಷೇಧ. ಕೊಕ್ಕೆ ಬರೆದರೆ ಒಳಗೆ ಬಿಡಬೇಡ. ‘ಸೆಲೆಕ್ಟ್’, ‘ಡ್ರಾಪ್’ ಮುಂತಾದ ಪದಗಳಿದ್ದರೆ ತಳ್ಳಿಹಾಕು. ಇದು ಪೀಪಿಗಳನ್ನು ನಿಷೇಧಿಸುವ ದಾರಿ. ಕೇಡಿಗರು ಅದೇ ಪದವನ್ನು ಬೇರೆ ಬೇರೆ ವೇಷದಲ್ಲಿ ಕಳಿಸುವ ಹತ್ತು ಉಪಾಯ ಕಂಡುಕೊಂಡರು, ಆಚೆ ಉಳಿದವರು ಡಿ'ಸೋಜಾಗಳು. ಇವತ್ತಿಗೂ ಹೆಸರಿನ ಕೊಕ್ಕೆಯನ್ನು ಒಲ್ಲದ ಫಾರಂಗಳಲ್ಲಿ ಹಲವು ಈ ಭಯದ ಪಳೆಯುಳಿಕೆಗಳು. ಪ್ರೋಗ್ರಾಮರ್ ಮಾಡಬೇಕಾದ ಕೆಲಸವನ್ನು ನಾಗರಿಕರ ಹೆಸರಿನ ಮೇಲೆ ಹೇರಿದ್ದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಮೂರನೆಯದು, ನಿಜವಾದದ್ದು, ಸ್ಯಾನ್ ಹೋಸೆಯ ಹಳೆಯ ಪದ್ಧತಿಯೇ. ಈಗ ಅದನ್ನು ‘ಪ್ರಿಪೇರ್ಡ್ ಸ್ಟೇಟ್‌ಮೆಂಟ್’ ಎನ್ನುತ್ತಾರೆ. ಅಂಚೆ ಕಚೇರಿಯ ಮನಿ ಆರ್ಡರ್ ಫಾರಂ ನೆನಪಿಸಿಕೊಳ್ಳಿ. ವಾಕ್ಯವೆಲ್ಲ ಮೊದಲೇ ಅಚ್ಚಾಗಿದೆ, ಹೆಸರಿಗೆ, ಮೊತ್ತಕ್ಕೆ ಖಾಲಿ ಜಾಗ ಬಿಟ್ಟಿದೆ. ಹೆಸರಿನ ಜಾಗದಲ್ಲಿ ನೀವು ‘ರಾಮಣ್ಣ, ಮತ್ತು ಇವರಿಗೆ ಇನ್ನೂ ಐದು ಸಾವಿರ ಕೊಡುವುದು’ ಎಂದು ಬರೆದರೆ ಪೋಸ್ಟ್‌ಮ್ಯಾನ್ ಐದು ಸಾವಿರ ಕೊಡುವುದಿಲ್ಲ. ಅಂಥ ವಿಚಿತ್ರ ಹೆಸರಿನವರು ಈ ಬೀದಿಯಲ್ಲಿಲ್ಲ ಎಂದು ವಾಪಸು ಕಳಿಸುತ್ತಾನೆ. ಅದೇ ರೀತಿ ಪ್ರೋಗ್ರಾಮ್ ಮೊದಲು ವಾಕ್ಯವನ್ನು ಪ್ರಶ್ನಾರ್ಥಕ ಚಿಹ್ನೆಯೊಡನೆ ಕಳಿಸುತ್ತದೆ: ಹೆಸರು = ? ಎಂದಿರುವ ಸಾಲನ್ನು ಕೊಡು. ಡೇಟಾಬೇಸ್ ಅದನ್ನು ಓದಿ ಅರ್ಥ ನಿಶ್ಚಯ ಮಾಡಿಕೊಳ್ಳುತ್ತದೆ. ಹೆಸರು ಬೇರೆಯಾಗಿ, ಹಿಂದಿನಿಂದ ಬರುತ್ತದೆ. ಅದರೊಳಗೆ ಎಷ್ಟು ಕೊಕ್ಕೆಗಳಿದ್ದರೂ ಅಷ್ಟೂ ಹೆಸರೇ. ರಾಮ' ಅಥವಾ 'ಅ' = 'ಅ ಎಂಬ ಹೆಸರಿನ ಸದಸ್ಯರಿಲ್ಲ ಎಂಬ ಉತ್ತರ ಬರುತ್ತದೆ. ಡಿ'ಸೋಜಾ ಅವರ ಹೆಸರು ಕೊಕ್ಕೆ ಸಮೇತ ಸುಖವಾಗಿ ಕೂರುತ್ತದೆ.

ಜಾವಾ ಭಾಷೆಯಲ್ಲಿ ಇದು 1997ರ ಮೊದಲ ಜೆಡಿಬಿಸಿಯಲ್ಲೇ ಇತ್ತು, ಅಂದರೆ ಫ್ರ್ಯಾಕ್ ಲೇಖನಕ್ಕಿಂತ ಮೊದಲು. ಹಾಗಿದ್ದರೆ ಯಾಕೆ ಬಳಸಲಿಲ್ಲ? ಪ್ರೋಗ್ರಾಮರುಗಳ ಸೋಮಾರಿತನ ಎನ್ನುವುದು ಸುಲಭದ ಉತ್ತರ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಬಡವರ ಜೋಡಿಯಾಗಿದ್ದ ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್ ಅನ್ನು ನೋಡಿ. ಎರಡೂ ಉಚಿತ, ಅಗ್ಗದ ಬಾಡಿಗೆ ಸರ್ವರುಗಳಲ್ಲಿ ಸಿಗುತ್ತಿದ್ದುದು ಅವೇ. ಸಣ್ಣ ಅಂಗಡಿ, ಕಾಲೇಜು, ಸಂಘ ಸಂಸ್ಥೆಗಳ ತಾಣಗಳೆಲ್ಲ ಅವುಗಳ ಮೇಲೇ ಎದ್ದವು. ಆದರೆ ಮೈಎಸ್‌ಕ್ಯೂಎಲ್ ಸರ್ವರಿನಲ್ಲಿ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಂದದ್ದೇ 4.1 ಆವೃತ್ತಿಯಲ್ಲಿ, 2004ರಲ್ಲಿ. ಪಿಎಚ್‌ಪಿಯಿಂದ ಅದನ್ನು ಮುಟ್ಟಲು ಬೇಕಾದ ಸಲಕರಣೆ 2004-05ರಲ್ಲಿ ಬಂತು. ಅಷ್ಟರಲ್ಲಿ ಒಂದು ಇಡೀ ಪೀಳಿಗೆ ಅಂಟಿಸುವುದನ್ನು ಕಲಿತಾಗಿತ್ತು, ಕಲಿತವರು ಇನ್ನೊಂದು ಪೀಳಿಗೆಗೆ ಪಾಠ ಬರೆದಾಗಿತ್ತು. ಅಂಟಿಸುವ ಹಳೆಯ ಸಲಕರಣೆಯನ್ನು ಪಿಎಚ್‌ಪಿ ತೆಗೆದುಹಾಕಿದ್ದು 2015ರ 7ನೇ ಆವೃತ್ತಿಯಲ್ಲಿ.

ಪಾಠಗಳ ಮಾತು ಬರೀ ಊಹೆಯಲ್ಲ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಂಶೋಧಕರು ಜನಪ್ರಿಯ ಟ್ಯುಟೋರಿಯಲ್‌ಗಳಲ್ಲಿದ್ದ ದೋಷವುಳ್ಳ ಕೋಡ್ ತುಣುಕುಗಳನ್ನು ಆರಿಸಿ, ಗಿಟ್‌ಹಬ್‌ನಲ್ಲಿರುವ 64 ಸಾವಿರಕ್ಕೂ ಹೆಚ್ಚು ಪಿಎಚ್‌ಪಿ ಯೋಜನೆಗಳಲ್ಲಿ ಅವುಗಳ ನಕಲನ್ನು ಹುಡುಕಿದರು. ಪಾಠದ ತುಣುಕನ್ನು ಬಹುಮಟ್ಟಿಗೆ ಹಾಗೇ ಹೋಲುವ 117 ದೋಷಗಳು ಸಿಕ್ಕವು. ಲಿಪಿಕಾರರ ಪರಂಪರೆ ಮುಗಿದಿಲ್ಲ. ಒಬ್ಬನ ತಪ್ಪು ಪಾಠ ಪ್ರತಿಯಿಂದ ಪ್ರತಿಗೆ ಇಳಿಯುವುದನ್ನು ಹಿಡಿದು ಹಸ್ತಪ್ರತಿಗಳ ವಂಶವೃಕ್ಷ ಬರೆಯುವಂತೆ, ಇಲ್ಲೂ ಬರೆಯಬಹುದು.

ಈ ಪಾಠದೋಷದ ಬೆಲೆಯನ್ನು ತೆತ್ತವರು ಬೇರೆಯವರು. 2002ರಲ್ಲಿ ‘ಗೆಸ್’ ಎಂಬ ಅಮೆರಿಕದ ಬಟ್ಟೆ ಕಂಪನಿಯ ತಾಣದಲ್ಲಿ ಈ ಬಿರುಕಿನಿಂದ ಎರಡು ಲಕ್ಷದಷ್ಟು ಗಿರಾಕಿಗಳ ಕಾರ್ಡ್ ವಿವರಗಳು ತೆರೆದುಕೊಂಡಿದ್ದವು, ಮರುವರ್ಷ ಅಲ್ಲಿನ ವ್ಯಾಪಾರ ಆಯೋಗ ಕಂಪನಿಯನ್ನು ದಾರಿಗೆ ತಂದಿತು. ಕಾರ್ಡ್ ವಹಿವಾಟು ನಡೆಸುವ ಹಾರ್ಟ್‌ಲ್ಯಾಂಡ್ ಪೇಮೆಂಟ್ ಸಿಸ್ಟಮ್ಸ್‌ನ ಪ್ರಕರಣ ಇನ್ನೂ ದೊಡ್ಡದು. 2007ರ ಕೊನೆಯಲ್ಲಿ ಅದರ ವೆಬ್ ಫಾರಂ ಒಂದರ ಮೂಲಕ ಒಳಹೊಕ್ಕವರು, ತಿಂಗಳುಗಟ್ಟಲೆ ಒಳಗೊಳಗೇ ಸರಿದು, ಕಾರ್ಡ್ ಸಂಖ್ಯೆಗಳು ಹರಿಯುವ ಜಾಗಕ್ಕೆ ತಲುಪಿ ಅಲ್ಲಿ ಕದ್ದು ಕೇಳುವ ತಂತ್ರಾಂಶ ಇಟ್ಟರು. 2009ರ ಜನವರಿಯಲ್ಲಿ ಸುದ್ದಿ ಹೊರಬಂತು. ಮುಖ್ಯ ಆರೋಪಿ ಆಲ್ಬರ್ಟ್ ಗೊನ್ಜಾಲೆಜ್ ಅದಕ್ಕೂ ಮೊದಲು ಸಿಕ್ಕಿಬಿದ್ದು ಅಮೆರಿಕದ ಸೀಕ್ರೆಟ್ ಸರ್ವೀಸಿಗೆ ಮಾಹಿತಿದಾರನಾಗಿದ್ದವನು, ಅದೇ ಹೊತ್ತಿಗೆ ಈ ಕಡೆ ಈ ಕೆಲಸವನ್ನೂ ನಡೆಸಿದ್ದ. 13 ಕೋಟಿ ಕಾರ್ಡುಗಳ ಮಾಹಿತಿ ಕದ್ದ ಆರೋಪ ಅವನ ಮತ್ತು ಅವನ ಜೊತೆಗಾರರ ಮೇಲೆ ಬಂತು. ತಂದೆತಾಯಿಯ ಮನೆಯ ಹಿತ್ತಲಿನಲ್ಲಿ ಹತ್ತು ಲಕ್ಷ ಡಾಲರಿಗೂ ಹೆಚ್ಚು ನಗದು ಹೂತಿಟ್ಟಿದ್ದ. 2010ರ ಮಾರ್ಚಿನಲ್ಲಿ 20 ವರ್ಷದ ಶಿಕ್ಷೆಯಾಯಿತು. ಹಾರ್ಟ್‌ಲ್ಯಾಂಡ್ ಕಾರ್ಡ್ ಉದ್ಯಮದ ಭದ್ರತಾ ತಪಾಸಣೆಯಲ್ಲಿ ಪಾಸಾದ ಕಂಪನಿಯೇ ಆಗಿತ್ತು.

ಬ್ರಿಟನ್ನಿನ ಟಾಕ್‌ಟಾಕ್ ದೂರವಾಣಿ ಕಂಪನಿಯ ಕಥೆ ನನಗೆ ಇದಕ್ಕಿಂತ ಹೆಚ್ಚು ಕಲಿಸಿದೆ. 2009ರಲ್ಲಿ ಅದು ಟಿಸ್ಕಾಲಿ ಎಂಬ ಇನ್ನೊಂದು ಕಂಪನಿಯ ಬ್ರಿಟನ್ ವ್ಯವಹಾರವನ್ನು ಕೊಂಡಿತ್ತು. ಅದರ ಜೊತೆ ಕೆಲವು ಹಳೆಯ ವೆಬ್ ಪುಟಗಳೂ ಬಂದವು. ಅವು ಇನ್ನೂ ಜೀವಂತವಾಗಿವೆ, ಗಿರಾಕಿಗಳ ಡೇಟಾಬೇಸಿಗೆ ಬಾಗಿಲಾಗಿವೆ ಎಂಬುದು ಹೊಸ ಒಡೆಯರ ಗಮನದಲ್ಲಿರಲಿಲ್ಲ. ಡೇಟಾಬೇಸ್ ತಂತ್ರಾಂಶವೂ ಹಳತು, ಅದರ ಒಂದು ದೋಷಕ್ಕೆ ಮೂರೂವರೆ ವರ್ಷದ ಹಿಂದೆಯೇ ತೇಪೆ ಬಿಡುಗಡೆಯಾಗಿತ್ತು, ಹಾಕಿರಲಿಲ್ಲ. 2015ರ ಜುಲೈ ಮತ್ತು ಸೆಪ್ಟೆಂಬರಿನಲ್ಲಿ ಅದೇ ಪುಟಗಳ ಮೇಲೆ ಇದೇ ಬಗೆಯ ದಾಳಿ ನಡೆದಿತ್ತು, ಯಾರೂ ನೋಡುತ್ತಿರಲಿಲ್ಲ. ಅಕ್ಟೋಬರಿನಲ್ಲಿ ಮೂರನೆಯ ಸಲ 1,56,959 ಗಿರಾಕಿಗಳ ವಿವರ ಹೋಯಿತು, ಅವರಲ್ಲಿ 15,656 ಮಂದಿಯ ಬ್ಯಾಂಕ್ ಖಾತೆ ಸಂಖ್ಯೆಯೂ ಸೇರಿ. ಮರುವರ್ಷ ಅಲ್ಲಿನ ಮಾಹಿತಿ ಆಯುಕ್ತರು 4 ಲಕ್ಷ ಪೌಂಡ್ ದಂಡ ಹಾಕಿದರು. ಈ ದಾಳಿಯ ಸ್ವರೂಪ ಎಲ್ಲರಿಗೂ ತಿಳಿದದ್ದು, ತಡೆಯೂ ತಿಳಿದದ್ದು ಎಂದು ಅವರ ಆದೇಶ ಎತ್ತಿ ತೋರಿಸಿತು. ಪ್ರಕರಣದಲ್ಲಿ ತಪ್ಪೊಪ್ಪಿಕೊಂಡ ನಾರ್ವಿಚ್‌ನ 17ರ ಹುಡುಗನೊಬ್ಬ, ಗೆಳೆಯರ ಮುಂದೆ ಜಂಬ ತೋರಿಸಲು ಮಾಡಿದೆ ಎಂದು ನ್ಯಾಯಾಲಯಕ್ಕೆ ಹೇಳಿದ.

ಈ ನಡುವೆ ನಗೆಯೂ ಹುಟ್ಟಿತು. 2007ರ ಅಕ್ಟೋಬರಿನಲ್ಲಿ ‘ಎಕ್ಸ್‌ಕೆಸಿಡಿ’ ಎಂಬ ವೆಬ್ ವ್ಯಂಗ್ಯಚಿತ್ರ ಮಾಲೆಯಲ್ಲಿ ರಾಂಡಲ್ ಮನ್ರೋ ಒಬ್ಬ ತಾಯಿಯನ್ನು ಚಿತ್ರಿಸಿದರು. ಆಕೆ ಮಗನ ಹೆಸರಿನೊಳಗೇ ವಿದ್ಯಾರ್ಥಿಗಳ ಪಟ್ಟಿಯನ್ನು ಅಳಿಸುವ ಅಪ್ಪಣೆ ಇಟ್ಟಿದ್ದಾಳೆ, ಶಾಲೆಯವರು ಆ ವರ್ಷದ ದಾಖಲೆ ಕಳೆದುಕೊಂಡು ಫೋನ್ ಮಾಡುತ್ತಾರೆ. 2010ರ ಸ್ವೀಡನ್ ಚುನಾವಣೆಯಲ್ಲಿ ಮತದಾರನೊಬ್ಬ ಮತಪತ್ರದ ಮೇಲೆ ಕೈಬರಹದಲ್ಲಿ ಇಂಥದೇ ಅಪ್ಪಣೆ ಬರೆದಿದ್ದ. ಅದು ಎಣಿಕೆಯ ದಾಖಲೆಯಲ್ಲಿ ಒಂದು ಹೆಸರಾಗಿ ಸೇರಿತು, ಏನನ್ನೂ ಅಳಿಸಲಿಲ್ಲ. ಇದನ್ನೆಲ್ಲ ಓದಿ ಕೈ ತುರಿಸುವ ವಿದ್ಯಾರ್ಥಿಗಳಿಗೆ ಒಂದು ಮಾತು: ಬೇರೆಯವರ ತಾಣದಲ್ಲಿ ಕೊಕ್ಕೆ ಹಾಕಿ ನೋಡುವುದು ನಮ್ಮ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಅಪರಾಧವಾಗಬಹುದು. ಅಭ್ಯಾಸಕ್ಕೆಂದೇ ಮಾಡಿದ ‘ವೆಬ್‌ಗೋಟ್’ನಂಥ ಆಡುಗಳಿವೆ, ಅವನ್ನು ನಿಮ್ಮ ಕಂಪ್ಯೂಟರಿನಲ್ಲೇ ಕಟ್ಟಿಹಾಕಿಕೊಂಡು ಎಷ್ಟು ಬೇಕಾದರೂ ಹಾಲು ಕರೆಯಬಹುದು.

ಪ್ರಿಪೇರ್ಡ್ ಸ್ಟೇಟ್‌ಮೆಂಟಿನಿಂದ ಎಲ್ಲ ಮುಗಿಯಿತು ಎಂದರೆ ಅದೂ ಸರಿಯಲ್ಲ. ಪ್ರಶ್ನಾರ್ಥಕದ ಜಾಗದಲ್ಲಿ ಬೆಲೆ ಮಾತ್ರ ಕೂರಬಲ್ಲದು. ಯಾವ ಪಟ್ಟಿ, ಯಾವ ಕಂಬದ ಪ್ರಕಾರ ಜೋಡಣೆ ಎಂಬುದು ವಾಕ್ಯದ ಎಲುಬು, ಅಲ್ಲಿ ಅದು ಕೂರುವುದಿಲ್ಲ. ಬಳಕೆದಾರರು ಬೆಲೆಯ ಪ್ರಕಾರವೋ ದಿನಾಂಕದ ಪ್ರಕಾರವೋ ಜೋಡಿಸಿ ಎಂದು ಕೇಳುವ ಕಡೆ, ಒಪ್ಪಬಹುದಾದ ಕಂಬಗಳ ಪಟ್ಟಿಯನ್ನು ಮೊದಲೇ ಇಟ್ಟುಕೊಂಡು ಅದರಿಂದಲೇ ಆರಿಸಬೇಕು. ಇನ್ನೊಂದು ಮೋಸದ ಜಾಗವಿದೆ: ಒಳಗೆ ಬರುವಾಗ ಸರಿಯಾದ ಬಾಗಿಲಿನಿಂದ ಬಂದು ಡೇಟಾಬೇಸಿನಲ್ಲಿ ಶಾಂತವಾಗಿ ಕೂತ ಹೆಸರನ್ನು ಆರು ತಿಂಗಳ ಮೇಲೆ ಇನ್ನೊಬ್ಬ ಪ್ರೋಗ್ರಾಮರ್ ‘ಇದು ನಮ್ಮ ಡೇಟಾಬೇಸಿನದೇ ತಾನೆ’ ಎಂದು ನಂಬಿ ಹೊಸ ವಾಕ್ಯಕ್ಕೆ ಅಂಟಿಸುತ್ತಾನೆ. ಆಗ ಅದು ಎಚ್ಚರಗೊಳ್ಳುತ್ತದೆ. ಇವೆಲ್ಲದರ ಹಿಂದೆ, ವೆಬ್ ತಾಣ ಡೇಟಾಬೇಸಿಗೆ ಹೋಗುವಾಗ ಬಳಸುವ ಖಾತೆಗೆ ಓದುವ ಅಧಿಕಾರ ಸಾಕಾದ ಕಡೆ ಅಳಿಸುವ ಅಧಿಕಾರ ಕೊಡದಿರುವುದು ಎರಡನೆಯ ಗೋಡೆ. ಬಿರುಕು ಉಳಿದರೂ ನಷ್ಟ ಕಡಿಮೆ.

2021ರಲ್ಲಿ ‘ಓವಾಸ್ಪ್’ ಎಂಬ ಭದ್ರತಾ ಸಂಘಟನೆ ತನ್ನ ಹತ್ತು ದೊಡ್ಡ ಅಪಾಯಗಳ ಪಟ್ಟಿಯಲ್ಲಿ, 2010ರಿಂದ ಮೊದಲ ಸ್ಥಾನದಲ್ಲಿದ್ದ ಇಂಜೆಕ್ಷನ್ ವರ್ಗವನ್ನು ಮೂರಕ್ಕೆ ಇಳಿಸಿತು. ಹೊಸ ಚೌಕಟ್ಟುಗಳಲ್ಲಿ ಪ್ರೋಗ್ರಾಮರ್ ಕೇಳದೆಯೇ ವಾಕ್ಯ ಮತ್ತು ಬೆಲೆ ಬೇರೆಯಾಗುವುದು ಇದಕ್ಕೆ ದೊಡ್ಡ ಕಾರಣ. ಇನ್ನೇನು ಇದು ಪಠ್ಯಪುಸ್ತಕದ ಚರಿತ್ರೆಯಾಯಿತು ಎನ್ನುವಾಗ, 2023ರ ಮೇ ಕೊನೆಯಲ್ಲಿ ‘ಮೂವ್‌ಇಟ್’ ಎಂಬ ಕಡತ ಸಾಗಿಸುವ ತಂತ್ರಾಂಶದಲ್ಲಿ ಅದೇ ಹಳೆಯ ಬಿರುಕು ಕಂಡಿತು. ಕ್ಲಾಪ್ ಎಂಬ ಗುಂಪು ಅದರ ಮೂಲಕ ಎರಡೂವರೆ ಸಾವಿರಕ್ಕೂ ಹೆಚ್ಚು ಸಂಸ್ಥೆಗಳ ಕಡತ ದೋಚಿತು. ಬಿಬಿಸಿ, ಬ್ರಿಟಿಷ್ ಏರ್‌ವೇಸ್ ನೌಕರರ ಮಾಹಿತಿಯೂ ಅವರ ಸಂಬಳದ ಲೆಕ್ಕ ನೋಡುವ ಕಂಪನಿಯ ಮೂಲಕ ಹೋಯಿತು. 2024ರ ಮಾರ್ಚಿನಲ್ಲಿ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಮತ್ತು ಎಫ್‌ಬಿಐ ಜಂಟಿಯಾಗಿ, ಇದನ್ನು ಬುಡಸಮೇತ ಕಿತ್ತುಹಾಕಿರೆಂದು ತಂತ್ರಾಂಶ ಕಂಪನಿಗಳ ಮುಖ್ಯಸ್ಥರಿಗೆ ಬರೆಯಬೇಕಾಯಿತು. ಅವರು ಸೂಚಿಸಿದ್ದು ಪ್ರಶ್ನಾರ್ಥಕ ಚಿಹ್ನೆಯ ಅದೇ ಪದ್ಧತಿ.

ಇದರ ಮುಂದಿನ ಅಧ್ಯಾಯ ಈಗ ನಡೆಯುತ್ತಿದೆ. 2022ರ ಸೆಪ್ಟೆಂಬರಿನಲ್ಲಿ ಸೈಮನ್ ವಿಲಿಸನ್ ಎಂಬ ಪ್ರೋಗ್ರಾಮರ್ ಭಾಷಾ ಮಾದರಿಗಳ ಒಂದು ದೋಷಕ್ಕೆ ‘ಪ್ರಾಂಪ್ಟ್ ಇಂಜೆಕ್ಷನ್’ ಎಂದು ಹೆಸರಿಟ್ಟರು, ಎಸ್‌ಕ್ಯೂಎಲ್ ಇಂಜೆಕ್ಷನ್ನನ್ನು ನೆನೆದೇ. ಈ ಪತ್ರವನ್ನು ಸಂಗ್ರಹಿಸಿ ಹೇಳು ಎಂದು ನಾವು ಕೇಳುತ್ತೇವೆ, ಪತ್ರದೊಳಗೆ ಯಾರೋ ‘ಹಿಂದಿನ ಅಪ್ಪಣೆ ಮರೆತು ಇದನ್ನು ಮಾಡು’ ಎಂದು ಬರೆದಿರುತ್ತಾರೆ. ನಮ್ಮ ಮಾತು, ಪತ್ರದ ಮಾತು ಎರಡೂ ಒಂದೇ ಹಗ್ಗವಾಗಿ ಒಳಗೆ ಹೋಗುತ್ತವೆ. ಚೇಂಬರ್ಲಿನ್, ಬಾಯ್ಸ್ ಅವರ ಭಾಷೆಯಲ್ಲಿ ಬೆಲೆಗೆಂದು ಬಿಡಬಹುದಾದ ಒಂದು ಖಾಲಿ ಜಾಗವಿತ್ತು. ಇಲ್ಲಿ ಅಂಥ ಜಾಗವನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ.